ಅಮೆರಿಕೆಯ ಕೆಲವು ಮಹಿಳೆಯರ ಬಾಲ್ಯವೂ ಸಾಧನೆಯೂ

ಮಹನೀಯರ ಚರಿತ್ರೆಗಳನ್ನು ಓದುವವರು ಸಾಮಾನ್ಯವಾಗಿ ಅವರ ಕೀರ್ತಿಯ ಮಧ್ಯಾಹ್ನವನ್ನು ಕಂಡು ಬೆರಗಾಗುವರೇ ಹೊರತು ಅದರ ಅರುಣೋದಯವನ್ನು ಅರಸುವವರು ವಿರಳ. ಫಲವನ್ನು ಕೊಂಡಾಡುವುದು ಸುಲಭ. ಬೀಜವು ಯಾವ ನೆಲದಲ್ಲಿ ಬಿತ್ತು, ಅದಕ್ಕೆ ನೀರೆರೆದವರು ಯಾರು, ಅದನ್ನು ತುಳಿಯಬಂದ ಕಾಲುಗಳು ಯಾರವು ಎಂಬುದನ್ನು ವಿಚಾರಿಸುವುದು ಕಷ್ಟ. ಜನಕರಾಜನ ಸಭೆಯಲ್ಲಿ ಯಾಜ್ಞವಲ್ಕ್ಯರನ್ನು ಪ್ರಶ್ನಿಸಿದ ಗಾರ್ಗಿಯ ಕಥೆಯನ್ನು ವಿದ್ಯಾವಂತರೆಲ್ಲರೂ ಬಲ್ಲರು. ಆದರೆ ಆಕೆಯು ವಚಕ್ನುವಿನ ಮಗಳೆಂಬುದನ್ನು ತಿಳಿಸುವ ಉಪನಿಷತ್ತು, ಆಕೆಗೆ ಮೊದಲು ಅಕ್ಷರವನ್ನು ಹೇಳಿಕೊಟ್ಟವರು ಯಾರೆಂಬುದನ್ನು ತಿಳಿಸುವುದಿಲ್ಲ. ಪ್ರಾಚೀನರ ವಿಷಯದಲ್ಲಿ ಈ ಕೊರತೆಯನ್ನು ತುಂಬುವ ಉಪಾಯವಿಲ್ಲ. ಇತ್ತೀಚಿನ ಕಾಲದವರ ವಿಷಯದಲ್ಲಾದರೋ ಪತ್ರಗಳೂ ದಿನಚರಿಗಳೂ ಶಾಲೆಗಳ ಲೆಕ್ಕಪತ್ರಗಳೂ ಉಳಿದಿರುವುದರಿಂದ, ಅವರ ಬಾಲ್ಯವನ್ನು ಅರಿಯುವುದು ಸಾಧ್ಯವಾಗಿದೆ. ಈ ದೃಷ್ಟಿಯಿಂದ ಅಮೆರಿಕೆಯ ಕೆಲವು ಮಹಿಳೆಯರ ಜೀವನವು ಬಹಳ ಬೋಧಪ್ರದವಾದುದು.

ಅಮೆರಿಕೆಯ ಸಂಯುಕ್ತ ಸಂಸ್ಥಾನಗಳು ೧೭೭೬ರಲ್ಲಿ ತಮ್ಮ ಸ್ವಾತಂತ್ರ್ಯವನ್ನು ಘೋಷಿಸಿದಾಗ, ಮನುಷ್ಯರೆಲ್ಲರೂ ಸಮಾನರಾಗಿ ಸೃಷ್ಟರಾದವರೆಂಬ ತತ್ತ್ವವನ್ನು ಲೋಕಕ್ಕೆ ಸಾರಿದುವು. ಆದರೆ ತತ್ತ್ವವು ಬೇರೆ, ಆಚರಣೆಯು ಬೇರೆ. ಆ ಘೋಷಣೆಯ ತರುವಾಯ ಸುಮಾರು ತೊಂಬತ್ತು ವರ್ಷಗಳವರೆಗೆ, ಎಂದರೆ ೧೮೬೫ರವರೆಗೆ, ಅಲ್ಲಿ ದಾಸ್ಯವು ಉಳಿದಿತ್ತು. ವಿವಾಹಿತ ಸ್ತ್ರೀಯ ಸೊತ್ತೂ ಸಂಪಾದನೆಯೂ ಬಹುಕಾಲ ಗಂಡನ ಅಧೀನದಲ್ಲಿದ್ದುವು. ಹತ್ತೊಂಬತ್ತನೆಯ ಶತಮಾನವು ಮೊದಲಾದಾಗ ಪದವಿಯನ್ನು ಕೊಡುವ ಒಂದು ಕಾಲೇಜಾದರೂ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ದೇಶದ ಸಂವಿಧಾನದ ತಿದ್ದುಪಡಿಯಿಂದ ಸ್ತ್ರೀಯರಿಗೆ ಮತದ ಹಕ್ಕು ದೊರೆತುದು ೧೯೨೦ರಲ್ಲಿ. ಇಂಥ ಕಾಲದಲ್ಲಿ ಹುಟ್ಟಿ, ಒಬ್ಬಳು ಗುಡ್ಡದ ಹೊಲದಿಂದಲೂ, ಒಬ್ಬಳು ಸಮುದ್ರಮಧ್ಯದ ದ್ವೀಪದಿಂದಲೂ, ಒಬ್ಬಳು ದಾಸರ ಗುಡಿಸಲಿನಿಂದಲೂ, ಒಬ್ಬಳು ದಿಕ್ಕಿಲ್ಲದವರ ಆಶ್ರಯಶಾಲೆಯಿಂದಲೂ ಎದ್ದುಬಂದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗುವುದು.

ಮೊದಲನೆಯವಳು ಮೇರಿ ಲಯನ್. ಈಕೆಯು ೧೭೯೭ರ ಫೆಬ್ರವರಿ ೨೮ರಂದು ಮಸಾಚುಸೆಟ್ಸ್ ಸಂಸ್ಥಾನದ ಬಕ್‌ಲೆಂಡ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ಒಕ್ಕಲಿಗನ ಮನೆಯಲ್ಲಿ ಹುಟ್ಟಿದಳು. ಐದು ವರ್ಷದವಳಾಗಿದ್ದಾಗ ತಂದೆಯು ತೀರಿಕೊಂಡನು. ಹದಿಮೂರನೆಯ ವಯಸ್ಸಿನಲ್ಲಿ, ತಾಯಿಯು ಪುನರ್ವಿವಾಹ ಮಾಡಿಕೊಂಡು ಬೇರೆ ಊರಿಗೆ ಹೋದಳು. ಮೇರಿಯು ಅಣ್ಣನ ಮನೆವಾರ್ತೆಯನ್ನು ನೋಡಿಕೊಳ್ಳುತ್ತ ಹಳೆಯ ಮನೆಯಲ್ಲಿಯೇ ನಿಂತಳು. ಬೇಯಿಸುವುದು, ನೂಲುವುದು, ನೇಯುವುದು, ಬಟ್ಟೆ ಒಗೆಯುವುದು ಮೊದಲಾದ ಯಾವತ್ತೂ ಕೆಲಸಕ್ಕಾಗಿ ಅಣ್ಣನು ಆಕೆಗೆ ವಾರಕ್ಕೆ ಒಂದು ಡಾಲರನ್ನು ಕೊಡುತ್ತಿದ್ದನು. ಆ ಡಾಲರನ್ನು ಹುಡುಗಿಯು ಕೂಡಿಟ್ಟಳು. ೧೮೧೪ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಹತ್ತಿರದ ಒಂದು ಹಳ್ಳಿಯ ಬೇಸಗೆಯ ಶಾಲೆಯಲ್ಲಿ ಉಪಾಧ್ಯಾಯಿನಿಯಾದಳು. ಸಂಬಳವು ವಾರಕ್ಕೆ ೭೫ ಸೆಂಟುಗಳು. ಊಟವೂ ವಸತಿಯೂ ಮಕ್ಕಳ ಮನೆಗಳಲ್ಲಿ ಸರದಿಯ ಮೇಲೆ. ವಾರಾನ್ನದಿಂದ ವಿದ್ಯಾಭ್ಯಾಸ ಮಾಡಿದವರ ಕಥೆಗಳನ್ನು ಕೇಳಿರುವ ವಾಚಕರಿಗೆ ಈ ಪದ್ಧತಿಯು ಅಪರಿಚಿತವಾಗಿ ತೋರದು. ವ್ಯತ್ಯಾಸವಿಷ್ಟೇ, ಅಲ್ಲಿ ಸರದಿಯ ಊಟವು ಶಿಷ್ಯನಿಗಲ್ಲ, ಗುರುವಿಗೆ.

ಕಲಿಸಲು ತೊಡಗಿದ ಮೇಲೆ ಮೇರಿಗೆ ತಾನು ಕಲಿತದ್ದು ಎಷ್ಟು ಅಲ್ಪವೆಂಬುದು ಗೊತ್ತಾಯಿತು. ೧೮೧೭ರಲ್ಲಿ ಆಷ್‌ಫೀಲ್ಡ್ ಎಂಬ ಊರಿನ ಸ್ಯಾಂಡರ್ಸನ್ ವಿದ್ಯಾಶಾಲೆಯನ್ನು ಸೇರಿದಳು. ಕೂಡಿಟ್ಟ ಹಣವು ಸಾಲದೆಹೋಗಲು, ತನ್ನ ಕೈಯಿಂದಲೇ ನೇಯ್ದ ಹೊದಿಕೆಗಳನ್ನೂ ದುಪ್ಪಟಿಗಳನ್ನೂ ಕೊಟ್ಟು ಅನ್ನವಸತಿಗಳನ್ನು ಪಡೆದಳು. ಅಲ್ಲಿ ಆಕೆಯು ಲ್ಯಾಟಿನ್ ವ್ಯಾಕರಣವೊಂದನ್ನು ಮೂರೇ ದಿನಗಳಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿದಳೆಂಬ ಕಥೆಯು ಪ್ರಚಲಿತವಾಗಿದೆ. ಅಮರವನ್ನೂ ಶಬ್ದರೂಪಾವಳಿಯನ್ನೂ ವರ್ಷಗಟ್ಟಲೆ ಉರುಹೊಡೆದವರಿಗೆ ಈ ಸಾಹಸದ ಬೆಲೆಯು ಬೇರೆಯವರಿಗಿಂತ ಚೆನ್ನಾಗಿ ತಿಳಿಯುವುದು. ೧೮೨೧ರಲ್ಲಿ ಆಕೆಗೆ ಜೋಸೆಫ್ ಎಮರ್ಸನ್ ಎಂಬ ಗುರುವು ದೊರೆತನು. ಸ್ತ್ರೀಯ ಬುದ್ಧಿಯೂ ಪುರುಷನ ಬುದ್ಧಿಯಂತೆಯೇ ಗಂಭೀರವಾದ ವಿದ್ಯೆಗೆ ತಕ್ಕದ್ದೆಂದು ನಂಬಿ, ಆ ನಂಬಿಕೆಯಂತೆ ಪಾಠ ಹೇಳುತ್ತಿದ್ದವನು ಅವನು. ಆ ಮೇಲೆ ಮೇರಿಯ ಜೀವನಕ್ಕೆ ಒಂದೇ ಗುರಿಯುಳಿಯಿತು. ಬಡ ಮನೆಗಳ ಹೆಣ್ಣುಮಕ್ಕಳಿಗೆ ಉನ್ನತ ವಿದ್ಯೆಯನ್ನು ಕೊಡುವ ಸ್ಥಿರವಾದ ಸಂಸ್ಥೆಯೊಂದು ನಿಲ್ಲಬೇಕೆಂಬುದೇ ಅದು.

ಅದಕ್ಕಾಗಿ ೧೮೩೪ರಲ್ಲಿ ತನ್ನ ಉಪಾಧ್ಯಾಯಿನಿಯ ಹುದ್ದೆಯನ್ನು ಬಿಟ್ಟು, ಹಸುರು ಮಕಮಲ್ಲಿನ ಚೀಲವೊಂದನ್ನು ಹಿಡಿದು ಊರೂರು ತಿರುಗಿದಳು. ಕುದುರೆಯ ಬಂಡಿಗಳಲ್ಲಿ ಹೆಂಗಸೊಬ್ಬಳು ಒಂಟಿಯಾಗಿ ಸಂಚರಿಸಿ ಹಣ ಬೇಡುವುದು ಮರ್ಯಾದೆಯಲ್ಲವೆಂದು ಹಿತೈಷಿಗಳೇ ಆಕ್ಷೇಪಿಸಿದರು. ಆಕೆಯು ನಿಲ್ಲಲಿಲ್ಲ. ಸಾವಿರ ಡಾಲರು ಕೊಟ್ಟವರಿಂದ ಮೊದಲುಗೊಂಡು ಆರು ಸೆಂಟು ಕೊಟ್ಟವರವರೆಗೆ ಎಲ್ಲರ ಕಾಣಿಕೆಯೂ ಆ ಚೀಲದೊಳಕ್ಕೆ ಬಿತ್ತು. ೧೮೩೭ರ ನವೆಂಬರ್ ೮ರಂದು ಸೌತ್ ಹ್ಯಾಡ್ಲಿ ಎಂಬಲ್ಲಿ ಮೌಂಟ್ ಹೋಲಿಯೋಕ್ ಸ್ತ್ರೀವಿದ್ಯಾಲಯವು ೮೦ ವಿದ್ಯಾರ್ಥಿನಿಯರೊಡನೆ ತೆರೆಯಿತು. ಊಟ ವಸತಿ ಪಾಠಗಳಿಗೆಲ್ಲ ಕೂಡಿ ವರ್ಷಕ್ಕೆ ೬೦ ಡಾಲರು ಮಾತ್ರ. ಇದು ಸಾಧ್ಯವಾದುದು ಹೇಗೆಂದರೆ, ಆ ಮನೆಯಲ್ಲಿ ಆಳುಗಳಿರಲಿಲ್ಲ. ಅಡಿಗೆ, ಪಾತ್ರೆ, ಕಸ, ಬಟ್ಟೆ ಎಲ್ಲವನ್ನೂ ವಿದ್ಯಾರ್ಥಿನಿಯರೇ ಹಂಚಿಕೊಂಡು ಮಾಡುತ್ತಿದ್ದರು. ಇದನ್ನು ಕಂಡ ಕೆಲವರು ಅಡಿಗೆಯನ್ನು ಕಲಿಸುವ ಶಾಲೆಯಿದೆಂದು ಭ್ರಮಿಸಲು, ಮನೆಗೆಲಸವನ್ನು ಕಲಿಸುವುದು ತನ್ನ ಉದ್ದೇಶವೇ ಅಲ್ಲವೆಂದು ಮೇರಿಯು ಸ್ಪಷ್ಟವಾಗಿ ತಿಳಿಸಿದಳು. ಕೆಲಸವು ಖರ್ಚನ್ನು ತಗ್ಗಿಸುವುದಕ್ಕೆ. ಶಾಲೆಯು ಗಣಿತಕ್ಕೆ, ರಸಾಯನಶಾಸ್ತ್ರಕ್ಕೆ, ಲ್ಯಾಟಿನ್ನಿಗೆ. ರಸಾಯನಶಾಸ್ತ್ರವನ್ನು ಆಕೆಯೇ ಬೋಧಿಸುತ್ತಿದ್ದಳು. ಮುಂದೆ ಆ ದೇಶದ ಶ್ರೇಷ್ಠ ಕವಿಗಳಲ್ಲಿ ಒಬ್ಬಳೆನಿಸಿದ ಎಮಿಲಿ ಡಿಕಿನ್ಸನ್ ೧೮೪೭ರಲ್ಲಿ ಅಲ್ಲಿ ವಿದ್ಯಾರ್ಥಿನಿಯಾಗಿದ್ದಳು. ಅಣ್ಣನ ಮನೆಯಲ್ಲಿ ವಾರಕ್ಕೊಂದು ಡಾಲರಿಗೆ ದುಡಿದ ಹುಡುಗಿಯು ಆ ದುಡಿಮೆಯನ್ನೇ ನೂರಾರು ಹುಡುಗಿಯರ ವಿದ್ಯೆಗೆ ಮೂಲಧನವನ್ನಾಗಿ ಮಾಡಿದಳು.

ಎರಡನೆಯವಳಾದ ಮರಿಯಾ ಮಿಚೆಲ್ಲಳ ಬಾಲ್ಯವು ಇದಕ್ಕಿಂತ ಸುಖವಾದುದು. ಮಸಾಚುಸೆಟ್ಸಿನ ಕರಾವಳಿಗೆ ದೂರವಾಗಿ ಅಟ್ಲಾಂಟಿಕ್ ಮಹಾಸಾಗರದಲ್ಲಿ ನ್ಯಾಂಟಕೆಟ್ ಎಂಬ ಮರಳುದ್ವೀಪವಿರುವುದು. ಅಲ್ಲಿ ೧೮೧೮ರ ಆಗಸ್ಟ್ ೧ರಂದು, ಹತ್ತು ಮಕ್ಕಳ ಮನೆಯಲ್ಲಿ ಮೂರನೆಯವಳಾಗಿ ಈಕೆಯು ಹುಟ್ಟಿದಳು. ಆ ದ್ವೀಪದ ಗಂಡಸರು ತಿಮಿಂಗಿಲಗಳನ್ನು ಬೇಟೆಯಾಡಲು ಹಡಗೇರಿ ಹೋದರೆ ಮೂರು ನಾಲ್ಕು ವರ್ಷಗಳವರೆಗೆ ಹಿಂದಿರುಗದಿರುವುದು ವಾಡಿಕೆ. ಆದುದರಿಂದ ಅಂಗಡಿ, ಲೇವಾದೇವಿ, ಸಂಸಾರ ಎಲ್ಲವನ್ನೂ ಹೆಂಗಸರೇ ನಡೆಸುತ್ತಿದ್ದರು. ಮಿಚೆಲ್ಲರ ಮನೆತನವು ಕ್ವೇಕರ್ ಎಂಬ ಪಂಥಕ್ಕೆ ಸೇರಿದುದು. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಸಮನಾದ ವಿದ್ಯೆಯನ್ನು ಕೊಡಬೇಕೆಂಬುದು ಆ ಪಂಥದವರ ಅಭಿಪ್ರಾಯ. ತಂದೆಯಾದ ವಿಲಿಯಮ್ ಮಿಚೆಲ್ ಶಾಲೆಯ ಉಪಾಧ್ಯಾಯನಾಗಿದ್ದು ಖಗೋಳಶಾಸ್ತ್ರದಲ್ಲಿ ಆಸಕ್ತನು. ಹಡಗುಗಳ ಕಾಲಮಾಪಕ ಗಡಿಯಾರಗಳನ್ನು ನಕ್ಷತ್ರಗಳ ಗತಿಯಿಂದ ಪರೀಕ್ಷಿಸಿ ಸರಿಪಡಿಸುವುದು ಅವನ ಕೆಲಸಗಳಲ್ಲಿ ಒಂದು. ನಡುಗಡಲಿನಲ್ಲಿ ರೇಖಾಂಶವನ್ನು ತಿಳಿಯಲು ಆ ಗಡಿಯಾರವೇ ಆಧಾರ; ಅದು ತಪ್ಪಿದರೆ ಹಡಗೂ ದಾರಿ ತಪ್ಪುವುದು.

ಈ ತಂದೆಯು ತನ್ನ ವಿದ್ಯೆಯನ್ನು ಮಗಳಿಂದ ಮರೆಮಾಡಲಿಲ್ಲ. ೧೮೩೧ರ ಫೆಬ್ರವರಿಯಲ್ಲಿ ಆ ದ್ವೀಪದಲ್ಲಿ ಸೂರ್ಯನ ಕಂಕಣಗ್ರಹಣವು ಕಾಣಿಸಿತು. ತಂದೆಯು ದೂರದರ್ಶಕಯಂತ್ರದಲ್ಲಿ ನೋಡುತ್ತಿರಲು, ಹನ್ನೆರಡು ವರ್ಷದ ಮರಿಯಾ ಗಡಿಯಾರದ ಮುಂದೆ ಕುಳಿತು ಸೆಕೆಂಡುಗಳನ್ನು ಎಣಿಸಿ ಹೇಳಿದಳು. ಸ್ಪರ್ಶಮೋಕ್ಷಗಳ ಕಾಲವನ್ನು ಪಂಚಾಂಗದಲ್ಲಿ ಓದಿ ಸ್ನಾನಕ್ಕೆ ಹೋಗುವವರು ಎಲ್ಲೆಲ್ಲಿಯೂ ಉಂಟು. ಆ ಕಾಲವನ್ನು ಅಳೆಯುವವರು ಕೆಲವರು ಮಾತ್ರ. ಅಂಥ ಕೆಲವರ ಪಂಕ್ತಿಯಲ್ಲಿ ಒಬ್ಬ ಬಾಲಿಕೆಗೆ ತಂದೆಯು ಸ್ಥಾನವನ್ನು ಕೊಟ್ಟನು. ಹದಿನಾಲ್ಕನೆಯ ವಯಸ್ಸಿನಲ್ಲಿ, ತಂದೆಯು ಊರಲ್ಲಿಲ್ಲದಾಗ ಬಂದ ಹಡಗಿನ ಯಜಮಾನನೊಬ್ಬನ ಗಡಿಯಾರವನ್ನು ಆಕೆಯೇ ಸರಿಪಡಿಸಿಕೊಟ್ಟಳೆಂದು ಹೇಳುವರು. ೧೮೩೫ರಲ್ಲಿ ಸ್ವಂತವಾಗಿ ಶಾಲೆಯೊಂದನ್ನು ತೆರೆದು, ಬಿಳಿಯರ ಮಕ್ಕಳಿಗೂ ಕಪ್ಪು ಜನಾಂಗದ ಮಕ್ಕಳಿಗೂ ಬೇರೆ ಬೇರೆ ಶಾಲೆಗಳಿದ್ದ ಆ ಊರಿನಲ್ಲಿ, ಇಬ್ಬರನ್ನೂ ಸೇರಿಸಿಕೊಂಡಳು. ಮರುವರ್ಷ ಊರಿನ ಪುಸ್ತಕಭಂಡಾರದ ಅಧಿಕಾರಿಣಿಯಾದಳು. ಮುಂದೆ ಸುಮಾರು ಇಪ್ಪತ್ತು ವರ್ಷಗಳವರೆಗೆ ಅದೇ ಆಕೆಯ ಕಾಲೇಜು. ಹಗಲು ಓದುಗರು ಬರದಿರುವಾಗ ಗಣಿತದ ಗ್ರಂಥಗಳ ವ್ಯಾಸಂಗ, ರಾತ್ರಿ ಮೋಡವಿಲ್ಲದಿದ್ದಾಗ ಮಾಳಿಗೆಯ ಮೇಲೆ ಆಕಾಶದ ವ್ಯಾಸಂಗ.

೧೮೪೭ರ ಅಕ್ಟೋಬರ್ ೧ರ ರಾತ್ರಿ ಮನೆಗೆ ಅತಿಥಿಗಳು ಬಂದಿದ್ದರು. ಮರಿಯಾ ಅವರ ನಡುವಿನಿಂದ ಮೆಲ್ಲನೆ ಎದ್ದು ಮಾಳಿಗೆಗೆ ಹೋಗಿ ಎಂದಿನಂತೆ ದೂರದರ್ಶಕವನ್ನು ತಿರುಗಿಸಿದಳು. ಸುಮಾರು ಹತ್ತೂವರೆ ಗಂಟೆಗೆ, ಹಿಂದೆ ಏನೂ ಇಲ್ಲದಿದ್ದ ಸ್ಥಳದಲ್ಲಿ ಮಸುಕಾದ ಬೆಳಕಿನ ಚುಕ್ಕೆಯೊಂದು ಕಾಣಿಸಿತು. ಅದು ಹೊಸ ಧೂಮಕೇತು. ಬರಿಗಣ್ಣಿಗೆ ಕಾಣದ ಹೊಸ ಧೂಮಕೇತುವನ್ನು ಮೊದಲು ಕಂಡವರಿಗೆ ಡೆನ್ಮಾರ್ಕ್ ದೇಶದ ಅರಸನು ಚಿನ್ನದ ಪದಕವನ್ನು ಸಾರಿದ್ದನು. ಎರಡು ದಿನಗಳ ತರುವಾಯ ಅದೇ ಧೂಮಕೇತುವನ್ನು ರೋಮ್ ನಗರದಲ್ಲಿ ಡಿ ವಿಕೊ ಎಂಬ ಪಾದ್ರಿಯು ಕಂಡು ವಾರ್ತೆಯನ್ನು ಕಳುಹಿಸಿದನು. ನಿಯಮದಂತೆ ತಕ್ಕ ಸ್ಥಳಕ್ಕೆ ಮೊದಲಿನ ಟಪ್ಪಾಲಿನಲ್ಲಿಯೇ ತಿಳಿಸದೆಹೋದುದರಿಂದ ಮರಿಯಾಳ ಹಕ್ಕು ಸಂದಿಗ್ಧವಾಯಿತು. ಆದರೆ ಮಗಳು ಸಂಕೋಚಪಡುತ್ತಿದ್ದಾಗಲೂ ತಂದೆಯು ಹಾರ್ವರ್ಡಿನ ಖಗೋಳಜ್ಞನಿಗೆ ಆಗಲೇ ಪತ್ರ ಬರೆದಿದ್ದನು. ಹಾರ್ವರ್ಡಿನ ಅಧ್ಯಕ್ಷನಾದ ಎಡ್ವರ್ಡ್ ಎವರೆಟ್ ಆ ಪತ್ರದ ಆಧಾರದ ಮೇಲೆ ಆಕೆಯ ಪಕ್ಷವನ್ನು ವಾದಿಸಲು, ೧೮೪೮ರಲ್ಲಿ ಪದಕವು ಆಕೆಗೇ ಸಂದಿತು. ಅದೇ ವರ್ಷ ಅಮೆರಿಕನ್ ಕಲಾವಿಜ್ಞಾನ ಪರಿಷತ್ತು ಆಕೆಯನ್ನು ಆರಿಸಿಕೊಂಡಿತು. ಆ ಪರಿಷತ್ತಿಗೆ ಆರಿಸಲ್ಪಟ್ಟ ಮೊದಲನೆಯ ಸ್ತ್ರೀ ಆಕೆಯೇ. ೧೮೪೯ರಿಂದ ನಾವಿಕರ ಪಂಚಾಂಗಕ್ಕಾಗಿ ಶುಕ್ರಗ್ರಹದ ಸ್ಥಾನಗಳನ್ನು ಗಣಿಸಿಕೊಡುವ ಕೆಲಸವು ಆಕೆಗೆ ದೊರೆಯಿತು.

೧೮೬೫ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ವಾಸರ್ ಸ್ತ್ರೀವಿದ್ಯಾಲಯವು ತೆರೆದಾಗ, ಯಾವ ಕಾಲೇಜಿನಲ್ಲಿಯೂ ಓದದ ಮರಿಯಾ ಅಲ್ಲಿ ಖಗೋಳಶಾಸ್ತ್ರದ ಪ್ರಾಧ್ಯಾಪಿಕೆಯಾದಳು. ವೃದ್ಧನಾದ ತಂದೆಯನ್ನು ಕರೆದುಕೊಂಡು ಹೋಗಿ ವೇಧಶಾಲೆಯಲ್ಲಿಯೇ ವಾಸಮಾಡಿದಳು. ಹೆಣ್ಣುಮಕ್ಕಳು ರಾತ್ರಿ ಹೊರಗೆ ಬರಬಾರದೆಂಬ ಅಂದಿನ ಕಟ್ಟುಪಾಡನ್ನು ಆಕೆಯು ಮನ್ನಿಸಲಿಲ್ಲ. ನಕ್ಷತ್ರಗಳು ಹಗಲಿನಲ್ಲಿ ಕಾಣವಷ್ಟೆ! ೧೮೬೯ ಮತ್ತು ೧೮೭೮ರ ಪೂರ್ಣ ಸೂರ್ಯಗ್ರಹಣಗಳನ್ನು ನೋಡಲು ಶಿಷ್ಯೆಯರನ್ನು ಬಹುದೂರ ಕರೆದುಕೊಂಡು ಹೋದಳು. ತನಗಿಂತ ಕಿರಿಯರಾದ ಪುರುಷ ಪ್ರಾಧ್ಯಾಪಕರಿಗಿಂತ ತನ್ನ ಸಂಬಳವು ಕಡಮೆಯೆಂಬುದನ್ನು ತಿಳಿದಾಗ, ಅಲ್ಲಿದ್ದ ಇನ್ನೊಬ್ಬ ಮಹಿಳೆಯೊಡನೆ ಸೇರಿ ಹೆಚ್ಚಿಗೆಯನ್ನು ಕೇಳಿ ಪಡೆದಳು. ೧೮೮೯ರಲ್ಲಿ ತೀರಿಕೊಂಡಳು. ಚಂದ್ರಮಂಡಲದ ಒಂದು ಕುಳಿಗೆ ಆಕೆಯ ಹೆಸರಿದೆ.

ಇಲ್ಲಿ ೧೮೪೯ನೆಯ ಇಸವಿಯ ವಿಷಯವಾಗಿ ಒಂದು ಮಾತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಮೇರಿ ಲಯನ್ ತನ್ನ ೫೨ನೆಯ ವಯಸ್ಸಿನಲ್ಲಿ ಕಾಲವಾದಳು. ಮರಿಯಾ ಮಿಚೆಲ್ ಶುಕ್ರನ ಗಣಿತವನ್ನು ಕೈಕೊಂಡುದು ಅದೇ ವರ್ಷ. ಜನವರಿ ೨೩ರಂದು ಎಲಿಜಬೆತ್ ಬ್ಲ್ಯಾಕ್‌ವೆಲ್ ಎಂಬವಳು ಜಿನೀವಾ ಎಂಬ ಊರಿನ ವೈದ್ಯಶಾಲೆಯಿಂದ ಪದವಿಯನ್ನು ಪಡೆದು ಅಮೆರಿಕೆಯಲ್ಲಿ ಆ ಪದವಿಯನ್ನು ಪಡೆದ ಮೊದಲನೆಯ ಸ್ತ್ರೀಯೆನಿಸಿದಳು. ಇಂಗ್ಲೆಂಡಿನಲ್ಲಿ ಹುಟ್ಟಿ ಬಾಲ್ಯದಲ್ಲಿ ಅಮೆರಿಕೆಗೆ ಬಂದ ಆಕೆಯನ್ನು ಸೇರಿಸಿಕೊಳ್ಳಬಹುದೇ ಎಂದು ಅಧ್ಯಾಪಕರು ವಿದ್ಯಾರ್ಥಿಗಳನ್ನೇ ಕೇಳಲು, ಅವರು ಹಾಸ್ಯವೆಂದು ಬಗೆದು ಒಪ್ಪಿಗೆ ಕೊಟ್ಟರಂತೆ, ಹಾಸ್ಯವು ಸತ್ಯವಾಯಿತು. ಮರುವರ್ಷ ಫಿಲಡೆಲ್ಫಿಯಾ ನಗರದಲ್ಲಿ ಸ್ತ್ರೀಯರಿಗೆಂದೇ ವೈದ್ಯಶಾಲೆಯೊಂದು ಸ್ಥಾಪಿತವಾಯಿತು. ಮಹಾರಾಷ್ಟ್ರದ ಆನಂದೀಬಾಯಿ ಜೋಶಿಯವರು ಸಮುದ್ರವನ್ನು ದಾಟಿ ಹೋಗಿ ೧೮೮೬ರಲ್ಲಿ ವೈದ್ಯಪದವಿಯನ್ನು ಪಡೆದುದು ಈ ಶಾಲೆಯಲ್ಲಿಯೇ. ಇನ್ನು, ಅದೇ ೧೮೪೯ರ ಶರತ್ಕಾಲದ ಒಂದು ರಾತ್ರಿ, ಅಕ್ಷರವನ್ನೇ ಅರಿಯದ ಯುವತಿಯೊಬ್ಬಳು ಮೇರಿಲೆಂಡ್ ಸಂಸ್ಥಾನದ ಕಾಡಿನಲ್ಲಿ ಧ್ರುವನಕ್ಷತ್ರವನ್ನು ನೋಡುತ್ತ ಉತ್ತರದ ಕಡೆಗೆ ನಡೆಯುತ್ತಿದ್ದಳು. ಮಿಚೆಲ್ಲಳು ಆಕಾಶವನ್ನು ಅಳೆದಳು. ಈ ಯುವತಿಗೆ ಆಕಾಶವೇ ಪ್ರಾಣ.

ಆಕೆಯೇ ಹ್ಯಾರಿಯೆಟ್ ಟಬ್‌ಮನ್. ಹುಟ್ಟಿದುದು ಸುಮಾರು ೧೮೨೨ರಲ್ಲಿ. ದಾಸರ ಮಕ್ಕಳಿಗೆ ಜಾತಕವೆಲ್ಲಿಯದು? ತಂದೆತಾಯಿಗಳು ಇಟ್ಟ ಹೆಸರು ಅರಮಿಂಟಾ. ಐದಾರು ವರ್ಷವಾಗುವಷ್ಟರಲ್ಲಿಯೇ ಯಜಮಾನನು ಈ ಮಗುವನ್ನು ಬೇರೆ ಮನೆಗೆ ಬಾಡಿಗೆಗೆ ಕೊಟ್ಟನು. ಅಲ್ಲಿ ತೊಟ್ಟಿಲ ಕೂಸನ್ನು ರಾತ್ರಿಯೆಲ್ಲ ತೂಗಬೇಕು; ಕೂಸು ಅತ್ತರೆ ಚಾವಟಿಯ ಏಟು. ಒಂದು ದಿನ ಬೆಳಗಿನ ಊಟಕ್ಕೆ ಮೊದಲೇ ಐದು ಸಲ ಏಟು ಬಿದ್ದುದನ್ನು ಆಕೆಯು ಮುಪ್ಪಿನಲ್ಲಿಯೂ ನೆನೆದು ಹೇಳುತ್ತಿದ್ದಳು. ಗಾಯದ ಕಲೆಗಳು ಕುತ್ತಿಗೆಯ ಮೇಲೆ ಕಡೆಯವರೆಗೂ ಇದ್ದುವು. ಇನ್ನೊಂದು ಮನೆಯವರು, ದಡಾರ ಎದ್ದಿದ್ದಾಗಲೂ ಚಳಿಯಲ್ಲಿ ಜೌಗುನೀರಿಗಿಳಿದು ಪ್ರಾಣಿಗಳ ಬೋನುಗಳನ್ನು ನೋಡಿಬರುವಂತೆ ಕಳುಹಿಸಿದರು. ಹದಿಹರೆಯದಲ್ಲಿ ಒಮ್ಮೆ ಅಂಗಡಿಯೊಂದರಲ್ಲಿ, ತಪ್ಪಿಸಿಕೊಂಡು ಓಡುತ್ತಿದ್ದ ದಾಸನೊಬ್ಬನನ್ನು ಹಿಡಿಯಲು ಸಹಾಯಮಾಡೆಂದು ಮೇಲ್ವಿಚಾರಕನು ಆಜ್ಞಾಪಿಸಿದನು. ಹುಡುಗಿಯು ಒಪ್ಪಲಿಲ್ಲ. ಓಡುವವನ ಕಡೆಗೆ ಅವನು ಎಸೆದ ಎರಡು ಪೌಂಡಿನ ತೂಕದ ಕಲ್ಲು ಆಕೆಯ ತಲೆಗೆ ಬಡಿದು ಬುರುಡೆಯನ್ನು ಒಡೆಯಿತು. ಅಂದಿನಿಂದ ಜೀವಮಾನವೆಲ್ಲ ಆಕೆಗೆ ಹಠಾತ್ತಾಗಿ ಮೈಮರೆವ ನಿದ್ರೆಯು ಕವಿಯುತ್ತಿತ್ತು.

ಈಕೆಗೂ ಒಂದು ವಿದ್ಯೆಯಿತ್ತು, ಕಲಿಸಿದವನು ತಂದೆ. ಆತನು ಮರ ಕಡಿಯುವವರಲ್ಲಿ ನಿಪುಣನು. ಅವನೊಡನೆ ಕಾಡಿನಲ್ಲಿ ದುಡಿಯುತ್ತ, ದಾರಿ, ನದಿ, ಜೌಗು, ಹಕ್ಕಿಯ ಕೂಗು, ಗಿಡಮೂಲಿಕೆ, ರಾತ್ರಿಯ ಆಕಾಶ ಇವುಗಳನ್ನು ಆಕೆಯು ಓದಲು ಕಲಿತಳು. ೧೮೪೯ರಲ್ಲಿ ತಪ್ಪಿಸಿಕೊಂಡು ಫಿಲಡೆಲ್ಫಿಯಾವನ್ನು ಮುಟ್ಟಿದ ಮೇಲೆ ಸುಮ್ಮನಿರಬಹುದಾಗಿತ್ತು. ಆದರೆ ತಾನೊಬ್ಬಳು ಬಿಡುಗಡೆ ಹೊಂದಿದುದು ಬಿಡುಗಡೆಯೆಂದು ಆಕೆಗೆ ತೋರಲಿಲ್ಲ. ಮುಂದಿನ ಹತ್ತು ಹನ್ನೊಂದು ವರ್ಷಗಳಲ್ಲಿ ಸುಮಾರು ೧೩ ಸಲ ಆ ಮೃತ್ಯುಮುಖಕ್ಕೇ ಹಿಂದಿರುಗಿ, ಸುಮಾರು ೭೦ ಜನರನ್ನು ಬಿಡಿಸಿ ತಂದಳು. ೧೮೫೦ರ ಕಾನೂನಿನಿಂದ ಉತ್ತರದ ಸಂಸ್ಥಾನಗಳೂ ಸುರಕ್ಷಿತವಲ್ಲವಾಗಲು, ಅನೇಕರನ್ನು ಕೆನಡಾ ದೇಶದವರೆಗೆ ಸೇರಿಸಿದಳು. ರಾತ್ರಿಗಳು ದೀರ್ಘವಾಗಿರುವ ಚಳಿಗಾಲವನ್ನು ಆರಿಸಿಕೊಳ್ಳುತ್ತಿದ್ದಳು. ಶನಿವಾರದ ಸಂಜೆ ಹೊರಡುವಳು. ಸೋಮವಾರದವರೆಗೆ ವೃತ್ತಪತ್ರಿಕೆಯಲ್ಲಿ ಪ್ರಕಟನೆ ಬರುವಂತಿರಲಿಲ್ಲ. ೧೮೫೭ರಲ್ಲಿ ಮುದುಕರಾದ ತಂದೆತಾಯಿಗಳನ್ನೂ ಕರೆತಂದಳು. ಅಂತರ್ಯುದ್ಧದ ಕಾಲದಲ್ಲಿ, ೧೮೬೩ರ ಜೂನ್ ಮೊದಲಿನಲ್ಲಿ, ಕಂಬಾಹೀ ನದಿಯ ಮೇಲೆ ನಡೆದ ಸೈನ್ಯದ ದಾಳಿಗೆ ಮಾರ್ಗದರ್ಶಿನಿಯಾಗಿ ಒಂದೇ ಸಲಕ್ಕೆ ಏಳುನೂರಕ್ಕೂ ಹೆಚ್ಚು ದಾಸರ ಬಿಡುಗಡೆಗೆ ಕಾರಣಳಾದಳು. ಈ ಸೇವೆಗೆ ಸರ್ಕಾರದ ಮನ್ನಣೆಯು ಬಹಳ ತಡವಾಗಿ ಬಂದಿತು. ೧೮೯೯ರಲ್ಲಿ ಗೊತ್ತಾದ ಪಿಂಚಣಿಯು ತಿಂಗಳಿಗೆ ೨೦ ಡಾಲರು. ಆಬರ್ನ್ ಎಂಬ ಊರಿನಲ್ಲಿ ದಿಕ್ಕಿಲ್ಲದ ವೃದ್ಧರಿಗಾಗಿ ಒಂದು ಮನೆಯನ್ನು ಏರ್ಪಡಿಸಿ, ೧೯೧೩ರ ಮಾರ್ಚ್ ೧೦ರಂದು ಅಲ್ಲಿಯೇ ಕಣ್ಮುಚ್ಚಿದಳು. ಕಡೆಯವರೆಗೂ ಆಕೆಗೆ ಓದುಬರೆಹ ಬರಲಿಲ್ಲ. ವಿದ್ಯೆಯನ್ನು ಪುಸ್ತಕದಿಂದಲೇ ಅಳೆಯುವವರು ಈ ಚರಿತ್ರೆಯ ಮುಂದೆ ಸ್ವಲ್ಪ ನಿಲ್ಲಬೇಕಾಗುವುದು. ಆದರೆ ಅಕ್ಷರವನ್ನು ಕಲಿಯಗೊಡದೆ ಇದ್ದವರ ಪಾಪವು ಇದರಿಂದ ತೊಳೆದುಹೋಗುವುದಿಲ್ಲ.

ಕಡೆಯದಾಗಿ, ಲೋಕವೆಲ್ಲವೂ ಬಲ್ಲ ಹೆಲೆನ್ ಕೆಲ್ಲರಳನ್ನೂ, ಲೋಕವು ಅಷ್ಟಾಗಿ ಅರಿಯದ ಆಕೆಯ ಗುರು ಆನ್ ಸಲಿವನ್ನಳನ್ನೂ ಒಟ್ಟಿಗೆ ಹೇಳಬೇಕಾಗಿದೆ. ಗುರುವಿನ ಬಾಲ್ಯವೇ ಮೊದಲು. ಐರ್ಲೆಂಡಿನಿಂದ ಬಂದ ಬಡವರ ಮಗಳಾದ ಆನ್ ೧೮೬೬ರ ಏಪ್ರಿಲ್ ೧೪ರಂದು ಮಸಾಚುಸೆಟ್ಸಿನಲ್ಲಿ ಹುಟ್ಟಿದಳು. ಸುಮಾರು ಐದನೆಯ ವಯಸ್ಸಿನಲ್ಲಿ ಕಣ್ಣುಬೇನೆಯಿಂದ ದೃಷ್ಟಿಯು ಬಹುಮಟ್ಟಿಗೆ ಹೋಯಿತು. ಎಂಟನೆಯ ವಯಸ್ಸಿನಲ್ಲಿ ತಾಯಿಯು ಕ್ಷಯದಿಂದ ತೀರಿಕೊಂಡಳು. ತಂದೆಯು ಮಕ್ಕಳನ್ನು ಸಾಕಲಾರದೆ ಬಿಟ್ಟುಬಿಟ್ಟನು. ೧೮೭೬ರ ಫೆಬ್ರವರಿಯಲ್ಲಿ ಆನ್‌ಳನ್ನೂ, ಸೊಂಟದ ಕ್ಷಯದಿಂದ ಕುಂಟನಾದ ಜಿಮ್ಮಿ ಎಂಬ ತಮ್ಮನನ್ನೂ ಟ್ಯೂಕ್ಸ್‌ಬರಿ ಎಂಬ ಊರಿನ ಸರ್ಕಾರಿ ಆಶ್ರಯಶಾಲೆಗೆ ಸೇರಿಸಿದರು. ರೋಗಿಗಳು, ಬುದ್ಧಿ ಕೆಟ್ಟವರು, ಮುದುಕರು, ಯಾರಿಗೂ ಬೇಡವಾದವರು ಒಂದೇ ಸೂರಿನ ಕೆಳಗೆ ತುಂಬಿದ್ದ ಸ್ಥಳವದು. ಕೆಲವು ತಿಂಗಳಲ್ಲಿಯೇ ಜಿಮ್ಮಿಯು ಸತ್ತನು. ಹುಡುಗಿಯು ಅಲ್ಲಿಯೇ ನಾಲ್ಕು ವರ್ಷ ಉಳಿದಳು.

ಕುರುಡರಿಗೂ ಶಾಲೆಯುಂಟೆಂಬುದನ್ನು ಆಕೆಯು ಅಲ್ಲಿದ್ದವರ ಬಾಯಿಂದಲೇ ಕೇಳಿದಳು. ೧೮೮೦ರಲ್ಲಿ ಆಶ್ರಯಶಾಲೆಯ ತನಿಖೆಗಾಗಿ ಅಧಿಕಾರಿಗಳ ತಂಡವೊಂದು ಬಂದಿತು. ಅವರ ಮುಖ್ಯಸ್ಥನ ಹೆಸರು ಸ್ಯಾನ್‌ಬಾರ್ನ್. ಅವರ ಮುಖಗಳು ಆಕೆಗೆ ಕಾಣುತ್ತಿರಲಿಲ್ಲ. ಅವರು ಒಂದೊಂದು ಕೊಠಡಿಯನ್ನು ನೋಡುತ್ತ ಹೋದಂತೆಲ್ಲ ಹಿಂದೆಯೇ ಹೋಗಿ, ಕಡೆಗೆ ಅವರು ಹೊರಡುವ ಸಮಯದಲ್ಲಿ, ತನಗೆ ಶಾಲೆಗೆ ಹೋಗಬೇಕೆಂದು ಅವನ ಹೆಸರು ಹಿಡಿದು ಕೂಗಿಕೊಂಡಳು. ಆ ಕೂಗು ವ್ಯರ್ಥವಾಗಲಿಲ್ಲ. ೧೮೮೦ರ ಅಕ್ಟೋಬರ್ ೭ರಂದು ಬಾಸ್ಟನ್ ನಗರದ ಪರ್ಕಿನ್ಸ್ ಅಂಧರ ಶಾಲೆಯನ್ನು ಸೇರಿದಳು. ಹದಿನಾಲ್ಕು ವರ್ಷದವಳಿಗೆ ತನ್ನ ಹೆಸರನ್ನು ಬರೆಯಲೂ ಬಾರದು. ತರಗತಿಯ ಸಣ್ಣ ಮಕ್ಕಳು ನಕ್ಕರು. ಶಸ್ತ್ರಚಿಕಿತ್ಸೆಗಳಿಂದ ದೃಷ್ಟಿಯು ಸ್ವಲ್ಪ ಮರಳಿತು. ೧೮೮೬ರಲ್ಲಿ ಆಕೆಯು ತರಗತಿಗೆ ಮೊದಲನೆಯವಳಾಗಿ ಹೊರಬಂದಳು. ಆ ಶಾಲೆಯಲ್ಲಿ ಲಾರಾ ಬ್ರಿಜ್‌ಮನ್ ಎಂಬ ವೃದ್ಧೆಯೊಬ್ಬಳಿದ್ದಳು. ಕಣ್ಣೂ ಕಿವಿಯೂ ಇಲ್ಲದ ಆಕೆಗೆ ಅದೇ ಶಾಲೆಯ ಡಾಕ್ಟರ್ ಹೌ ಎಂಬವನು ೧೮೩೭ರಿಂದ ಮೊದಲುಮಾಡಿ ಭಾಷೆಯನ್ನು ಕಲಿಸಿದ್ದನು. ಅವಳೊಡನೆ ಮಾತನಾಡುವುದಕ್ಕಾಗಿ ಆನ್ ಬೆರಳುಗಳಿಂದ ಅಂಗೈಯಲ್ಲಿ ಅಕ್ಷರಗಳನ್ನು ಮೂಡಿಸುವ ವಿದ್ಯೆಯನ್ನು ಕಲಿತಳು. ಈ ವಿದ್ಯೆಯು ಎಲ್ಲಿ ಫಲಿಸುವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ.

ಇತ್ತ ಅಲಬಾಮಾ ಸಂಸ್ಥಾನದ ಟಸ್ಕಂಬಿಯಾ ಊರಿನಲ್ಲಿ ೧೮೮೦ರ ಜೂನ್ ೨೭ರಂದು ಹುಟ್ಟಿದ ಹೆಲೆನ್ ಕೆಲ್ಲರಳು ೧೯ ತಿಂಗಳ ಕೂಸಾಗಿದ್ದಾಗ ಜ್ವರದಿಂದ ಕಣ್ಣುಕಿವಿಗಳೆರಡನ್ನೂ ಕಳೆದುಕೊಂಡಳು. ತಾನೇ ಕಲ್ಪಿಸಿಕೊಂಡ ಸುಮಾರು ೬೦ ಸಂಜ್ಞೆಗಳಿಂದ ಮನೆಯವರೊಡನೆ ವ್ಯವಹರಿಸುತ್ತಿದ್ದಳು. ತಿಳಿಯದಿದ್ದರೆ ಒದ್ದು ಪರಚಿ ಕೂಗಾಡುತ್ತಿದ್ದಳು. ಒಮ್ಮೆ ತಾಯಿಯನ್ನೇ ಉಗ್ರಾಣದೊಳಗೆ ಹಾಕಿ ಬೀಗವಿಕ್ಕಿದಳು. ಟೆಲಿಫೋನನ್ನು ಕಂಡುಹಿಡಿದ ಬೆಲ್ ಎಂಬಾತನ ಸಲಹೆಯಂತೆ ತಂದೆಯು ಪರ್ಕಿನ್ಸ್ ಶಾಲೆಗೆ ಬರೆಯಲು, ೧೮೮೭ರ ಮಾರ್ಚ್ ೩ರಂದು ಇಪ್ಪತ್ತು ವರ್ಷದ ಆನ್ ಅಲ್ಲಿಗೆ ಬಂದಳು. ಹುಡುಗಿಯು ಗುರುವನ್ನೂ ಕೊಠಡಿಯಲ್ಲಿ ಕೂಡಿ ಬೀಗದ ಕೈಯನ್ನು ಬಚ್ಚಿಟ್ಟಳು! ಮನೆಯವರ ಕನಿಕರವೇ ವಿದ್ಯೆಗೆ ವಿಘ್ನವೆಂದು ಅರಿತ ಆನ್, ಸಮೀಪದ ಸಣ್ಣ ಮನೆಯೊಂದರಲ್ಲಿ ಸುಮಾರು ಎರಡು ವಾರ ಶಿಷ್ಯೆಯೊಡನೆ ಒಂಟಿಯಾಗಿದ್ದು ಅವಳನ್ನು ಪಳಗಿಸಿದಳು. ಬೆರಳಿನಿಂದ ಅಂಗೈಯಲ್ಲಿ ಮಾತುಗಳನ್ನು ಬರೆದಳು. ಮಗುವು ಅವನ್ನು ಆಟದಂತೆ ಹಾಗೆಯೇ ತಿರುಗಿ ಬರೆಯುತ್ತಿತ್ತು. ಬರೆದುದಕ್ಕೆ ಅರ್ಥವಿದೆಯೆಂಬುದು ಅದಕ್ಕೆ ಗೊತ್ತಿರಲಿಲ್ಲ.

ಏಪ್ರಿಲ್ ೫ರಂದು ಆ ಗಂಟು ಬಿಚ್ಚಿತು. ನೀರೆತ್ತುವ ಯಂತ್ರದ ಬಾಯಿಗೆ ಮಗುವಿನ ಒಂದು ಕೈಯನ್ನು ಹಿಡಿದು, ತಣ್ಣನೆಯ ನೀರು ಅದರ ಮೇಲೆ ಬೀಳುತ್ತಿರುವಾಗಲೇ ಇನ್ನೊಂದು ಅಂಗೈಯಲ್ಲಿ ಆನ್ ನೀರೆಂಬ ಮಾತನ್ನು ಬರೆದಳು. ಮಗುವು ಸ್ತಬ್ಧವಾಗಿ ನಿಂತಿತು. ವಾಕ್ಕಿಗೂ ಅರ್ಥಕ್ಕೂ ಇರುವ ಸಂಬಂಧವನ್ನು ಕುರಿತು ವೈಯಾಕರಣರೂ ಮೀಮಾಂಸಕರೂ ಎಷ್ಟೋ ವಾದಿಸಿರುವರು. ಆ ಸಂಬಂಧವು ಒಂದು ಮನಸ್ಸ��ನಲ್ಲಿ ಮೊದಲು ಹುಟ್ಟಿದ ಗಳಿಗೆಯನ್ನು ಇಷ್ಟು ನಿಶ್ಚಯವಾಗಿ ಹೇಳಬಲ್ಲ ದೃಷ್ಟಾಂತವು ಅಪೂರ್ವವಾದುದು. ಅಂದು ಸಂಜೆಯೊಳಗಾಗಿ ಹೆಲೆನ್ ಅನೇಕ ಮಾತುಗಳನ್ನು ಕಲಿತಳು. ಎದುರಿಗಿದ್ದವಳ ಹೆಸರನ್ನು ಕೇಳಲು, ಗುರುವೆಂಬ ಅರ್ಥದ ಮಾತು ಅಂಗೈಯಲ್ಲಿ ಮೂಡಿತು. ಬಾಳಿನ ಕಡೆಯವರೆಗೂ ಹೆಲೆನ್ ಆಕೆಯನ್ನು ಆ ಮಾತಿನಿಂದಲೇ ಕರೆದಳು. ೧೯೦೦ರಲ್ಲಿ ಹೆಲೆನ್ ರ‍್ಯಾಡ್‌ಕ್ಲಿಫ್ ಕಾಲೇಜನ್ನು ಸೇರಿದಾಗ ಗುರುವು ಪಕ್ಕದಲ್ಲಿ ಕುಳಿತು ಉಪನ್ಯಾಸಗಳನ್ನೆಲ್ಲ ಅಂಗೈಗೆ ಮುಟ್ಟಿಸಿದಳು. ಪುಸ್ತಕಗಳನ್ನು ಓದಿ ತಿಳಿಸುತ್ತ ತನ್ನ ಮಸಕು ಕಣ್ಣುಗಳನ್ನು ಸವೆಸಿದಳು. ೧೯೦೪ರಲ್ಲಿ ಪದವಿಯು ಶಿಷ್ಯೆಗೆ ಬಂದಿತು. ಗುರುವಿಗೆ ಕಡೆಗಾಲದಲ್ಲಿ ಬಹುಮಟ್ಟಿಗೆ ಕುರುಡು ಬಂದಿತು. ೧೯೩೬ರ ಅಕ್ಟೋಬರ್ ೨೦ರಂದು ಆಕೆಯು ತೀರಿಕೊಂಡಳು. ಹೆಲೆನ್ ೧೯೬೮ರವರೆಗೆ ಬದುಕಿದ್ದು, ಗ್ರಂಥಗಳನ್ನು ಬರೆದು, ಅಂಧರ ಸೇವೆಗಾಗಿ ದೇಶದೇಶಗಳನ್ನು ಸುತ್ತಿದಳು. ೧೯೫೫ರಲ್ಲಿ ಭಾರತಕ್ಕೂ ಬಂದಿದ್ದಳು.

ಈ ಚರಿತ್ರೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಕಷ್ಟವೇ ಮಹತ್ತ್ವಕ್ಕೆ ಕಾರಣವೆಂದು ಕೆಲವರು ಹೇಳುವುದುಂಟು. ಇದು ವಿಚಾರಕ್ಕೆ ನಿಲ್ಲದ ಮಾತು. ಟ್ಯೂಕ್ಸ್‌ಬರಿಯ ಕಷ್ಟವು ಅಕ್ಕನಿಗೂ ತಮ್ಮನಿಗೂ ಸಮನಾಗಿತ್ತು. ಒಬ್ಬಳು ಉಳಿದಳು, ಒಬ್ಬನು ಮಣ್ಣಾದನು. ಚಾವಟಿಯ ಏಟನ್ನು ತಿಂದ ಮಕ್ಕಳು ಸಹಸ್ರಾರು, ಹ್ಯಾರಿಯೆಟ್ ಒಬ್ಬಳು. ಸುಖದಲ್ಲಿ ಬೆಳೆದ ಮರಿಯಾ ಮಿಚೆಲ್ ಬಡತನದಲ್ಲಿ ಬೆಳೆದ ಮೇರಿ ಲಯನ್ನಳಿಗಿಂತ ಕಡಮೆಯವಳಾಗಲಿಲ್ಲ. ಆದುದರಿಂದ ಕಷ್ಟವನ್ನು ಗುರುವೆಂದು ಪೂಜಿಸುವುದು ಕಷ್ಟವನ್ನು ಉಂಟುಮಾಡುವವರಿಗೆ ಅನುಕೂಲವಾದ ಸಿದ್ಧಾಂತವೇ ಹೊರತು ಬೇರೆಯಲ್ಲ.

ಎಲ್ಲರಲ್ಲಿಯೂ ಸಮಾನವಾಗಿ ಕಾಣುವ ಕಾರಣವು ಎರಡು ಭಾಗವಾಗಿದೆ. ಒಂದು, ಆ ಮಗುವಿನ ಒಳಗಣ ಹಟ. ಇನ್ನೊಂದು, ತಕ್ಕ ಸಮಯದಲ್ಲಿ ಬಾಗಿಲನ್ನು ತೆರೆದ ಇನ್ನೊಬ್ಬ ವ್ಯಕ್ತಿ. ಗಡಿಯಾರವನ್ನು ಮಗಳ ಕೈಗೆ ಕೊಟ್ಟ ತಂದೆ, ಕಾಡಿನ ದಾರಿಯನ್ನು ತೋರಿಸಿದ ತಂದೆ, ಹೆಣ್ಣಿನ ಬುದ್ಧಿಯನ್ನು ನಂಬಿದ ಉಪಾಧ್ಯಾಯ, ಕುರುಡು ಹುಡುಗಿಯ ಕೂಗಿಗೆ ಕಿವಿಗೊಟ್ಟ ಅಧಿಕಾರಿ, ಇವರಲ್ಲಿ ಹೆಚ್ಚಿನವರು ಮಾಡಿದುದು ಅಸಾಧ್ಯವಾದ ಕಾರ್ಯವೇನೂ ಅಲ್ಲ. ತಮಗೆ ಗೊತ್ತಿದ್ದುದನ್ನು ಮರೆಮಾಡಲಿಲ್ಲ, ತಮ್ಮ ಕೈಯಲ್ಲಿದ್ದ ಬೀಗದ ಕೈಯನ್ನು ತಿರುಗಿಸಿದರು. ಹಟವು ದೈವದತ್ತವಾಗಿರಬಹುದು, ಅದನ್ನು ಯಾರೂ ಬಿತ್ತಲಾರರು. ಎರಡನೆಯದಾದರೋ ಮನುಷ್ಯಾಧೀನ. ಮನೆಯಲ್ಲಿ ಮಗಳಿರುವ ತಂದೆಗೂ, ಹಿಂದಿನ ಸಾಲಿನಲ್ಲಿ ಮಾತನಾಡದೆ ಕುಳಿತಿರುವ ಬಾಲಿಕೆಯನ್ನು ದಿನವೂ ನೋಡುವ ಉಪಾಧ್ಯಾಯನಿಗೂ, ತನಿಖೆಗೆ ಬಂದು ದಸ್ಕತ್ತು ಹಾಕಿ ಹೊರಡುವ ಅಧಿಕಾರಿಗೂ ಅದು ಪ್ರತಿದಿನವೂ ಒದಗುವ ಅವಕಾಶ. ಸ್ಯಾನ್‌ಬಾರ್ನ್ ಎಂಬಾತನು ಅಂದು ಬಾಗಿಲ ಬಳಿಯಲ್ಲಿ ಆ ಕೂಗಿಗೆ ಕಿವಿಗೊಡದೆ ಹೋಗಿದ್ದರೆ, ಆನ್ ಸಲಿವನ್ ಟಸ್ಕಂಬಿಯಾಕ್ಕೆ ಹೋಗುತ್ತಲೇ ಇರಲಿಲ್ಲ. ಹೆಲೆನ್ ಕೆಲ್ಲರಳ ಕೈಯ ಮೇಲೆ ನೀರು ಬಿದ್ದಿದ್ದರೂ ಅದಕ್ಕೆ ಹೆಸರು ದೊರೆಯುತ್ತಿರಲಿಲ್ಲ.